ಅಮಾವಾಸ್ಯೆಗೆ ಸಾಯುವ ಮೀನು

ನನ್ನ ಅಕ್ಕನ ಗಂಡನ ಎಡಗಾಲಿನ ಹೆಬ್ಬೆರಳಿನ ಹುಣ್ಣನ್ನು ಒಂದು ಕಪ್ಪು ಮೀನು ತನ್ನ ಮೇಲೆ ತೆಗೆದುಕೊಂಡು ಸತ್ತುಹೋಯಿತೆಂದು ಬನಹಟ್ಟಿಯ ಆ ಮನೆ ಒಮ್ಮತದಿಂದ ತೀರ್ಮಾನಿಸಿತ್ತು. ಹುಣ್ಣು ಮಾತ್ರ ಕಾಲಿನಲ್ಲಿಯೇ ಉಳಿದಿತ್ತು. ಈ ಅಸಂಗತಿ ಯಾರ ಊಟವನ್ನೂ ಕೆಡಿಸಲಿಲ್ಲ. ಹುಣ್ಣಿನ ಒಡೆಯರು, ಅಂದರೆ ನಾವು ಮಾಮಾ ಎಂದು ಕರೆಯುವ ಆ ಗೃಹಸ್ಥರು, ವಾಣಿಜ್ಯ ಪದವೀಧರರು. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಪಾವರ್‌ಲೂಮ್ ಮಗ್ಗ ನಡೆಸುವವರು. ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿದರೆ ಬಾಗಿಲಲ್ಲಿ ನಿಂತೇ ಗುರುತಿಸಬಲ್ಲವರು. ಎಷ್ಟೋ ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ. ಇಂಥವರು ಕಾಲಿನ ಗಾಯವನ್ನು ಅಲಕ್ಷಿಸಿದರೆ ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಕಾಲು ಹೋಗುತ್ತದೆಂದು ಊರಿನ ಡಾಕ್ಟರರು ಬಿಡಿಸಿ ಹೇಳಿದ್ದರು. ಮುಧೋಳದ ದೊಡ್ಡ ದವಾಖಾನೆಗೆ ಚೀಟಿಯನ್ನೂ ಬರೆದುಕೊಟ್ಟಿದ್ದರು. ಮೀನಿನ ತೊಟ್ಟಿ ಅಲುಗಾಡದಿರಲೆಂದು ಅದರ ಒಂದು ಮೂಲೆಯ ಕೆಳಗೆ ಮಡಚಿ ಇಟ್ಟಿದ್ದ ಕಾಗದಗಳಲ್ಲಿ ಒಂದು ಈ ಚೀಟಿಯಾಗಿತ್ತು.

ಮೀನು ಸತ್ತರೆ ಮನೆಯ ಕಂಟಕ ಕಳೆಯುತ್ತದೆಂಬ ನಂಬಿಕೆ ನಮ್ಮಲ್ಲಿ ಪುರಾತನವಾದುದೇನಲ್ಲ. ನನ್ನ ಅಜ್ಜಿ ಇದನ್ನು ಕೇಳಿರಲಿಲ್ಲ. ಊಟದ ಹೊತ್ತಿಗೆ ಮೀನಿನ ಹೆಸರೆತ್ತದ ಶೈವ ಮನೆತನಗಳು ನಮ್ಮವು. ಗಲಗಲಿಯ ಹೊಳೆದಂಡೆಯಲ್ಲಿ ಬಲೆ ಒಣಹಾಕಿದ ಕಡೆ ಮೂಗಿಗೆ ಸೆರಗು ಹಿಡಿದು ನಡೆದವರು ನಮ್ಮ ಹೆಂಗಸರು. ಗಾಜಿನ ತೊಟ್ಟಿ ಅಂಗಡಿಗೆ ಬಂದಾಗ ಅದರ ಬೆನ್ನಿಗೆ, ಮೋಟಾರಿನ ಜೊತೆಗೆ ಗ್ಯಾರಂಟಿ ಕಾರ್ಡು ಬರುವ ಹಾಗೆ, ಈ ನಂಬಿಕೆಯೂ ಬಂತು. ಈಗ ಲೋಕಾಪುರದಿಂದ ರಬಕವಿಯವರೆಗೆ ಹೊಸ ಮನೆ ಕಟ್ಟಿಸಿದವರ ಪಡಸಾಲೆಯ ಈಶಾನ್ಯ ಮೂಲೆಯಲ್ಲಿ ಒಂದು ತೊಟ್ಟಿ, ಅದರಲ್ಲಿ ಎಂಟು ಕೆಂಪು ಮೀನು, ಒಂದು ಕಪ್ಪು ಮೀನು. ಕೆಂಪು ಸಂಪತ್ತಿಗೆ, ಕಪ್ಪು ದೃಷ್ಟಿಗೆ. ಹಳೆಯ ಮೂಢನಂಬಿಕೆಗಾದರೂ ಅದರ ವಯಸ್ಸಿಗೆ ಒಂದು ಮರ್ಯಾದೆ ಕೊಡಬಹುದು. ಅಂಗಡಿಯಿಂದ ಕೊಂಡು ತಂದ ಮೂಢನಂಬಿಕೆಗೆ ಏನು ಕೊಡುವುದು?

ನಾನು ಜಮಖಂಡಿಯಲ್ಲಿ ಪಾಠ ಹೇಳುವವನು. ಮೀನು ಸಾಕುವ ಗೀಳು ನನಗೂ ಇದೆ. ಆದುದರಿಂದ ಈ ವಿಷಯದಲ್ಲಿ ಮಾತಾಡುವ ಅಧಿಕಾರವೂ ಇದೆ ಎಂದುಕೊಂಡಿದ್ದೇನೆ. ಬಾಡಿಗೆ ಮನೆಯ ಕಿಟಕಿಯ ಪಕ್ಕ ತೊಟ್ಟಿ ಇಟ್ಟಾಗ ಮೊದಲ ಒಂದೂವರೆ ತಿಂಗಳು ಅದರಲ್ಲಿ ಮೀನನ್ನೇ ಬಿಡಲಿಲ್ಲ. ಮರಳು ಹಾಸಿ, ರಿಬ್ಬನ್ನಿನಂಥ ಉದ್ದ ಎಲೆಯ ನೀರುಗಿಡಗಳನ್ನು ನೆಟ್ಟು, ನೀರು ಪಕ್ವವಾಗಲೆಂದು ಕಾದೆ. ಮೀನಿನ ಮಲಮೂತ್ರದಿಂದ ನೀರಿನಲ್ಲಿ ಅಮೋನಿಯಾ ಎಂಬ ವಿಷ ಸೇರುತ್ತದೆ. ಅದನ್ನು ಹಂತಹಂತವಾಗಿ ನಿರುಪದ್ರವಿ ಮಾಡುವ ಸೂಕ್ಷ್ಮಜೀವಿಗಳು ಮರಳಿನಲ್ಲಿಯೂ ಫಿಲ್ಟರಿನ ಸ್ಪಂಜಿನಲ್ಲಿಯೂ ನಿಧಾನವಾಗಿ ನೆಲೆಗೊಳ್ಳಬೇಕು. ಉಳಿದುದನ್ನು ಗಿಡಗಳು ಉಣ್ಣುತ್ತವೆ. ಹಾಗಾಗಿ ಜಾಣನಾದವನು ತೊಟ್ಟಿಯ ನೀರನ್ನು ಒಮ್ಮೆಲೇ ಚೆಲ್ಲುವುದಿಲ್ಲ, ಸ್ಪಂಜಿಗೆ ಸಬಕಾರ ಮುಟ್ಟಿಸುವುದಿಲ್ಲ. ಮೀನಿಲ್ಲದ ನನ್ನ ತೊಟ್ಟಿಯನ್ನು ನೋಡಲು ಬಂದ ಓಣಿಯವರು, “ಬರೇ ನೀರ ಏನ ನೋಡತೀರಿ ಸರ, ಕೊಡದಾಗೂ ಇರತೈತಲ್ಲ” ಎಂದು ನಕ್ಕು ಹೋದರು. ಕಾಯುವುದನ್ನು ಕೆಲಸವೆಂದು ಒಪ್ಪದ ಸಮಾಜದಲ್ಲಿ ವಿಜ್ಞಾನ ಬೆಳೆಯುವುದಿಲ್ಲವೆಂದು ನಾನು ಆಗಲೇ ಟಿಪ್ಪಣಿ ಮಾಡಿಕೊಂಡೆ.

ಬನಹಟ್ಟಿಯ ತೊಟ್ಟಿ ಇದರ ವಿರುದ್ಧ ಪಕ್ಷ. ಅದರಲ್ಲಿದ್ದುದು ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಸಿಂಪಿ, ಮೇಲೊಂದು ಕೆಂಪು ದೀಪ. ಮೀನುಗಳು ಮೊಲಿ ಎಂಬ ಜಾತಿಯವು. ಹೆಬ್ಬೆರಳುದ್ದದ, ಬಡಪಾಯಿ ಸ್ವಭಾವದ, ಮರಿ ಹಾಕುವ ಮೀನುಗಳು. ಡಬ್ಬಿಯಲ್ಲಿ ಬರುವ ಮೀನಿನ ಆಹಾರದಲ್ಲಿ ಒಣಮೀನಿನ ಪುಡಿ ಇರುತ್ತದೆಂದು ತಿಳಿದ ದಿನವೇ ಮಾಮಾನ ತಾಯಿ, ಎಲ್ಲರೂ ಆಯಿ ಎನ್ನುವ ಹಿರಿಯರು, ಆ ಡಬ್ಬಿಯನ್ನು ಹೊರಗೆಸೆದಿದ್ದರು. “ನಮ್ಮ ಮನ್ಯಾಗ ಇರೂವು ನಮ್ಮಂಗ ಉಣ್ಣಬೇಕು” ಎಂದು ತೀರ್ಪಾಗಿ, ಮೀನುಗಳು ಶಾಕಾಹಾರಿಗಳಾದವು: ಬೆಳಿಗ್ಗೆ ಚುರುಮುರಿ, ಸಂಜೆಗೆ ಜೋಳದ ರೊಟ್ಟಿಯ ಪುಡಿ. ಶೆಡ್ಡಿನಿಂದ ಹಾರಿಬಂದ ಹತ್ತಿಯ ಸಣ್ಣ ಎಳೆಗಳು ನೀರಿನ ಮೇಲೆ ಬಿಳಿಯ ಪೊರೆಯಾಗಿ ಕೂಡುತ್ತಿದ್ದವು. ರೊಟ್ಟಿಯ ಪುಡಿ ಕೊಳೆತು, ಹತ್ತಿಯ ಪೊರೆ ದಪ್ಪವಾಗಿ, ತಿಂಗಳ ಕೊನೆಗೆ ನೀರು ಅಂಬಲಿಯ ಬಣ್ಣಕ್ಕೆ ತಿರುಗುತ್ತಿತ್ತು. ಆಗ ಅಮಾವಾಸ್ಯೆ ಬರುತ್ತಿತ್ತು.

ಅಮಾವಾಸ್ಯೆಯೆಂದರೆ ಆ ಮನೆಯಲ್ಲಿ ಮಗ್ಗ ನಿಲ್ಲುವ ದಿನ. ತಿಂಗಳೆಲ್ಲ ಮಾತು ಕೇಳಿಸದ ಮನೆಯಲ್ಲಿ ಅಂದು ಗೋಡೆಗಡಿಯಾರವೂ ಕೇಳಿಸುತ್ತದೆ. ಮಗ್ಗಗಳ ಸಂದಿಯ ಹತ್ತಿಯ ದೂಳನ್ನು ಊದಿ ತೆಗೆಯುತ್ತಾರೆ, ಎಣ್ಣೆ ಒರೆಸುತ್ತಾರೆ, ಕಾಯಿ ಒಡೆಯುತ್ತಾರೆ, ಮನೆಯನ್ನು ಹಿತ್ತಲಿನಿಂದ ಹೊಸ್ತಿಲವರೆಗೆ ತೊಳೆಯುತ್ತಾರೆ. ಆ ಶುದ್ಧಿಯ ಭರದಲ್ಲಿ ಮೀನಿನ ತೊಟ್ಟಿಯೂ ತೊಳೆಯಲ್ಪಡುತ್ತಿತ್ತು. ನಾನು ಅದನ್ನು ಕಣ್ಣಾರೆ ಕಂಡ ಅಮಾವಾಸ್ಯೆಯ ಮರುದಿನವೇ ಮಾಮಾ ಮುಧೋಳದ ದವಾಖಾನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಕರೆದೊಯ್ಯಲೆಂದೇ ನಾನು ಬಂದಿದ್ದೆ.

“ಬರ್ರಿ ಮಾಸ್ತರ,” ಎಂದರು ಮಾಮಾ, ಕಾಲನ್ನು ಸ್ಟೂಲಿನ ಮೇಲಿಟ್ಟು ಕುಳಿತಲ್ಲಿಂದಲೇ. “ಇವತ್ತ ಯಾರನ್ನ ಉದ್ಧಾರ ಮಾಡಾಕ ಬಂದ್ರಿ?”

“ನಿಮ್ಮನ್ನರೀ.”

“ಆತು. ಮೊದಲ ಚಹಾ ಕುಡದ ಉದ್ಧಾರ ಮಾಡ್ರಿ.”

ಚಹಾ ಮುಗಿಯುವುದರೊಳಗೆ ತೊಟ್ಟಿ ಬರಿದಾಗಿತ್ತು. ಹಿಟ್ಟಿನ ಸಾಣಿಗೆಯಿಂದಲ್ಲ, ಅದಕ್ಕೆಂದೇ ಬೇರೆ ಇಟ್ಟ ಪ್ಲಾಸ್ಟಿಕ್ ಜರಡಿಯಿಂದ ಒಂಬತ್ತೂ ಮೀನುಗಳನ್ನು ಬಕೀಟಿಗೆ ಸುರಿದರು. ಗಾಜನ್ನು ಪಾತ್ರೆ ತಿಕ್ಕುವ ಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜಿದರು. ಮರಳನ್ನು ಏಳು ಸಲ ತೊಳೆದು ಬಿಸಿಲಿಗೆ ಹರವಿದರು. ಫಿಲ್ಟರಿನ ಸ್ಪಂಜನ್ನು ಆಯಿ ತಾವೇ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ನೀಲಿ ಸಬಕಾರ ಹಚ್ಚಿ, ಅದರಲ್ಲಿ ಒಂದು ಸೂಕ್ಷ್ಮಜೀವಿಯೂ ಉಳಿಯದಂತೆ ಬಡಿದರು. ಹಾಗೆ ಮಾಡಬಾರದೆಂದು ನಾನು ಹೇಳಿದೆ, “ಹೊಲಸ ಇಡಬೇಕಂತಿಯೇನು?” ಎಂದು ಅವರು ಕೇಳಿದರು. ಆಮೇಲೆ ಕ್ಲೋರಿನ್ ಘಾಟು ಹೊಡೆಯುವ ನಳದ ನೀರನ್ನು ನೇರವಾಗಿ ತುಂಬಿಸಿ, ಮೀನುಗಳನ್ನು ಅದಕ್ಕೆ ಸುರಿದು, ತೊಟ್ಟಿಗೆ ಊದುಬತ್ತಿ ಬೆಳಗಿದರು. ಗಾಜು ಹೊಳೆಯುತ್ತಿತ್ತು. ಇಷ್ಟು ಚೊಕ್ಕಟವಾದ ವಧಾಸ್ಥಾನವನ್ನು ನಾನು ನೋಡಿರಲಿಲ್ಲ.

ಊಟವಾಗಿ ಎಲೆ ಎತ್ತುವ ಹೊತ್ತಿಗೆ ಕಪ್ಪು ಮೀನು ಮೇಲಕ್ಕೆ ಬಂದು ಪಕ್ಕಕ್ಕೆ ಒರಗಿತು. ಆಯಿ ಕೈ ಮುಗಿದರು.

“ತಗೊಂಡ ಹೋತು ನೋಡ. ನನ್ನ ಮಗನ ಕಾಲಿಂದು ತಗೊಂಡ ಹೋತು.”

“ಆಯಿ, ಅದು ಸಬಕಾರದ ನೀರಿಗೆ ಸತ್ತೈತ್ರಿ.”

“ಸಬಕಾರದ ನೀರಾಗ ಒಂಬತ್ತೂ ಇದ್ದುವಲ್ಲ ತಮ್ಮಾ? ಮತ್ತ ಕರಿದೊಂದ ಯಾಕ ಸತ್ತಿತು?”

ಪ್ರತಿಪಕ್ಷದ ಪ್ರಶ್ನೆ ತರ್ಕಬದ್ಧವಾಗಿತ್ತೆಂದು ಒಪ್ಪುತ್ತೇನೆ. ಬಲಹೀನವಾದುದು ಮೊದಲು ಸಾಯುತ್ತದೆ, ಉಳಿದವೂ ಸಾಯಬಹುದು, ನೋಡುತ್ತಿರಿ ಎಂದೆ. ನನ್ನ ಮಾತು ನಿಜವಾಯಿತು. ಎರಡು ದಿನಗಳಲ್ಲಿ ಎರಡು ಕೆಂಪು ಮೀನು ಸತ್ತವು. ಅದರಿಂದ ಸ್ಥಾಪಿತವಾದದ್ದು ನನ್ನ ವಾದವಲ್ಲ. “ಮನ್ಯಾಗ ಮೂರ ಮಂದಿಗೆ ಕಂಟಕ ಇತ್ತಂತ, ಮೂರೂ ಹೋದುವು” ಎಂದು ಆಯಿ ಓಣಿಯಲ್ಲಿ ಹೇಳಿಕೊಂಡು ಬಂದರು. ತಾವೇ ತಿಂಗಳಿಗೊಮ್ಮೆ ಮೀನು ಕೊಂದು, ಆ ಸಾವನ್ನೇ ದೈವಕೃಪೆಯ ರಸೀದಿಯೆಂದು ಗೋಡೆಗೆ ತೂಗುಹಾಕುವ ಈ ವ್ಯವಸ್ಥೆಯಲ್ಲಿ ಸೋಲೆಂಬುದಕ್ಕೆ ಅವಕಾಶವೇ ಇಲ್ಲ. ಸತ್ತ ಮೀನನ್ನು ಮುಟ್ಟುವುದು ಮಾತ್ರ ಮೈಲಿಗೆ. ಅದನ್ನು ಕಾಗದದಲ್ಲಿ ಎತ್ತಿ ಬೇವಿನ ಗಿಡದ ಬುಡಕ್ಕೆ ಹಾಕುವ ಪುಣ್ಯ ನನ್ನ ಪಾಲಿಗೆ ಬಂತು.

“ನಾಳೆ ಮುಂಜಾನೆ ಹೊರಡೂಣಲ್ಲ?” ಎಂದು ಕಪ್ಪು ಮೀನು ಸತ್ತ ಮಧ್ಯಾಹ್ನವೇ ಮಾಮಾನನ್ನು ಕೇಳಿದ್ದೆ.

“ಇನ್ನ ಯಾತಕ ಬಿಡ್ರಿ. ನೋವಂತೂ ಇಲ್ಲ. ಒತ್ತಿದ್ರೂ ಗೊತ್ತಾಗವಲ್ದು. ಮಾಯಾಕತ್ತೈತಿ.”

ಒತ್ತಿದರೂ ತಿಳಿಯದಿರುವುದು ಗಾಯ ಮಾಯುವ ಗುರುತಲ್ಲ, ನರ ಸಾಯುತ್ತಿರುವ ಗುರುತು ಎಂದೆ. ಹನ್ನೊಂದು ನಿಮಿಷ ಮಾತಾಡಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ದುರ್ಬಲವಾದ ವಾದಕ್ಕೆ ನನಗೆ ಪಾರಿತೋಷಕ ಬಂದಿತ್ತು. ಮಾಮಾ ಗೌರವದಿಂದ ಕೇಳಿದರು, ನಡುನಡುವೆ “ಖರೆ, ಖರೆ” ಎಂದರು, ಕೊನೆಗೆ “ಛಲೋ ಮಾತಾಡತೀರಿ ಮಾಸ್ತರ, ಇಲೆಕ್ಷನ್ನಿಗೆ ನಿಂದರ್ರಿ” ಎಂದು ಎದ್ದು ಹೋದರು.

ಮರುವಾರ ಮುಧೋಳಕ್ಕೆ ಹೋಗಿದ್ದೂ ಆಯಿತು. ಆದರೆ ಕಾಲು ತೋರಿಸಲಿಕ್ಕಲ್ಲ, ಮೂರು ಮೀನು ಕೊಳ್ಳಲಿಕ್ಕೆ. ಮೀನು ಜಮಖಂಡಿಯಲ್ಲಿಯೂ ಸಿಗುತ್ತದೆ. ಮುಧೋಳದ ಅಂಗಡಿಯವನ ಕೈಗುಣ ಚೆನ್ನಾಗಿದೆಯಂತೆ. ಡಾಕ್ಟರರಿಗೆ ಸಲ್ಲಬೇಕಾದ ಮಾತನ್ನು ನಮ್ಮ ಜನ ಮೀನು ಮಾರುವವನಿಗೆ ಸಲ್ಲಿಸಿದ್ದರು. ಮಾಮಾ ಗಾಯದ ಕಾಲಿಗೆ ಬೆರಳ ಬಳಿ ಕತ್ತರಿಸಿದ ಚಪ್ಪಲಿ ಹಾಕಿಕೊಂಡು ಬೈಕು ಓಡಿಸಿದರು. ದಾರಿಯಲ್ಲಿ ಮನಸ್ಸು ತಿರುಗಿಸಬಹುದೆಂದು ನಾನು ಹಿಂದೆ ಕುಳಿತೆ. ಆ ಅಂಗಡಿಯ ಮುಂದಿನ ರಸ್ತೆ ದಾಟಿದರೆ ದವಾಖಾನೆ. ಅದರ ಬಾಗಿಲು ಕಾಣುವಂತೆ ನಿಂತು ಅಂಗಡಿಯವನು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಮೀನು ಕಟ್ಟುತ್ತಿದ್ದನು.

“ಇವು ಎಷ್ಟ ದಿನಾ ಬಾಳತಾವು?” ಎಂದೆ.

“ಅದು ನಿಮ್ಮ ಮನಿ ಮ್ಯಾಲ ಐತ್ರಿ ಸರ. ಕಂಟಕ ಇದ್ದ ಮನ್ಯಾಗ ಭಾಳ ದಿನಾ ಬಾಳೂದಿಲ್ಲ.”

“ನೀರು ಪೂರಾ ಚೆಲ್ಲಬಾರದು, ಸಬಕಾರ ಹಚ್ಚಬಾರದು ಅಂತ ಗಿರಾಕಿಗೆ ಹೇಳೂದಿಲ್ಲೇನು?”

ಅವನು ಚೀಲಕ್ಕೆ ರಬ್ಬರು ಸುತ್ತುತ್ತ ನಕ್ಕನು. “ಹೇಳಿದ್ರ ಕೇಳತಾರೇನ್ರಿ? ಕೇಳಿದ್ರ ಮುಂದಿನ ತಿಂಗಳ ಬರತಾರೇನ್ರಿ?”

ಆ ದಿನ ನಾನು ಕಂಡ ಏಕೈಕ ಪ್ರಾಮಾಣಿಕ ಮನುಷ್ಯ ಅವನು. ಚೀಲ ಕೈಗೆ ಬಂದ ಮೇಲೆ ನಾನು ರಸ್ತೆಯಾಚೆ ಕೈ ತೋರಿಸಿದೆ. ಮಾಮಾ ದವಾಖಾನೆಯ ಮುಂದೆ ಪಾಳಿ ನಿಂತ ಜನರ ಸಾಲನ್ನು ನೋಡಿದರು, ಚೀಲದಲ್ಲಿದ್ದ ಮೀನನ್ನು ನೋಡಿದರು. “ಮೀನ ತಡಿಯೂದಿಲ್ರಿ ಮಾಸ್ತರ. ಹೊಳ್ಳಿ ಹೋಗೂಣು” ಎಂದರು. ಬೆರಳು ತಡೆಯುತ್ತದೆ, ಮೀನು ತಡೆಯುವುದಿಲ್ಲ. ಈ ತರ್ಕವನ್ನೂ ಮೀನಿನ ಚೀಲವನ್ನೂ ಹಿಡಿದುಕೊಂಡು ನಾನು ಬೈಕಿನ ಹಿಂದೆ ಹತ್ತಿದೆ.

ಮನೆಗೆ ಬಂದು ಮತ್ತೆ ಮಾತು ಶುರುಮಾಡಿದಾಗ ಅಕ್ಕ ನನ್ನನ್ನು ಅಡಿಗೆಮನೆಗೆ ಕರೆದಳು. ಬಿಸಿನೀರಿಗೆ ಅರಿಸಿನ ಹಾಕುತ್ತಿದ್ದಳು. ದಿನವೂ ಗಾಯ ತೊಳೆಯುವವಳು ಅವಳೇ.

“ನೀ ಗೆದ್ದು ಏನ ಆಗೂದೈತಿ ತಮ್ಮಾ? ನಿನ್ನ ಮಾತ ಮುಗಿದ ಮ್ಯಾಲ ಆ ಕಾಲ ತೊಳಿಯಾಕಿ ನಾನ. ನಿನ್ನಿಯಿಂದ ವಾಸನಿ ಬರಾಕತ್ತೈತಿ.”

“ಮತ್ತ ನೀನರ ಹೇಳಬೇಕಲ್ಲ.”

“ಹೇಳಿಲ್ಲ ಅನ್ಕೊಂಡಿಯೇನು? ನನ್ನ ಮಾತಿಗೆ ಮೀನಿನಷ್ಟ ಬೆಲಿ ಇದ್ರ ಹೇಳ.” ಆಮೇಲೆ ಅರಿಸಿನದ ಡಬ್ಬಿ ಮುಚ್ಚಿ, “ತೊಟ್ಟಿ ಬೇಕಾದ್ರ ನೀ ನೋಡ್ಕೋ. ಆಯಿಗೆ ನಾ ಸಮಾಧಾನ ಮಾಡತೇನಿ. ಭಾಷಣ ಅಷ್ಟ ಬ್ಯಾಡ” ಎಂದಳು.

ಅಲ್ಲಿಯೇ ನನ್ನ ಯೋಜನೆ ಸಿದ್ಧವಾಯಿತು. ಮೀನಿನ ಸಾವೇ ಅವರ ಸಾಕ್ಷ್ಯ. ಮೀನು ಸಾಯದಂತೆ ಮಾಡಿದರೆ ಸಾಕ್ಷ್ಯ ಬೀಳುತ್ತದೆ. ಸಾಕ್ಷ್ಯ ಬಿದ್ದರೆ ನಂಬಿಕೆ ಬೀಳುತ್ತದೆ. ನಂಬಿಕೆ ಬಿದ್ದ ಮನುಷ್ಯ ತಾನಾಗಿ ದವಾಖಾನೆಯ ಮೆಟ್ಟಿಲು ಹತ್ತುತ್ತಾನೆ. ಮರುದಿನವೇ ನನ್ನ ತೊಟ್ಟಿಯ ಕೆಸರು ತುಂಬಿದ ಸ್ಪಂಜನ್ನು ಒದ್ದೆಯಾಗಿಯೇ ಡಬ್ಬಿಯಲ್ಲಿಟ್ಟು ಜಮಖಂಡಿಯಿಂದ ಬಸ್ಸಿನಲ್ಲಿ ತಂದೆ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಕುಳಿತರು. ಪ್ಲಾಸ್ಟಿಕ್ ಗಿಡ ಕಿತ್ತು ನಿಜವಾದ ಗಿಡ ನೆಟ್ಟೆ. ಕೆಂಪು ದೀಪ ತೆಗೆದು ಬಿಳಿಯದನ್ನು ಹಾಕಿಸಿದೆ. ಹತ್ತಿಯ ಎಳೆ ಬೀಳದಂತೆ ಸೀರೆಯ ತುಂಡಿನ ಮುಚ್ಚಳ ಹೊಲಿಸಿದೆ. ರೊಟ್ಟಿಯ ಪುಡಿಗೆ ಬದಲಾಗಿ ಬೇಯಿಸಿದ ಬಟಾಣಿ, ಪಾಲಕದ ಎಲೆ. ಮೊಲಿ ಮೀನು ಅದನ್ನು ಇಷ್ಟಪಟ್ಟೇ ತಿನ್ನುತ್ತದೆ, ಆಯಿಗೂ ತಕರಾರಿಲ್ಲ. ಪ್ರತಿ ಭಾನುವಾರ ಬಂದು, ಹಿಂದಿನ ದಿನವೇ ಕೊಡದಲ್ಲಿ ತುಂಬಿಟ್ಟ ನೀರಿನಿಂದ ನಾಲ್ಕನೇ ಒಂದು ಪಾಲನ್ನು ಮಾತ್ರ ಬದಲಿಸಿದೆ. “ಗಿಡಾ ಬೇರ ಹಿಡಿಯಾಕತ್ತಾವ, ಈಗ ಕದಲಿಸಬಾರದಂತ” ಎಂದು ಅಕ್ಕ ಅಮಾವಾಸ್ಯೆಯ ತೊಳೆತವನ್ನು ತಡೆದಳು. ಹೊಲ ನೋಡಿದ ಆಯಿಗೆ ಈ ಮಾತು ಅರ್ಥವಾಯಿತು. ನನ್ನ ಅಮೋನಿಯಾ ಆಗಿರಲಿಲ್ಲ.

ಆ ಅಮಾವಾಸ್ಯೆಗೆ ಒಂದು ಮೀನೂ ಸಾಯಲಿಲ್ಲ. ಆಯಿ ಬೆಳಿಗ್ಗೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ, ದೀಪ ಹಚ್ಚಿದಾಗ ಒಮ್ಮೆ ಬಂದು ಎಣಿಸಿದರು. “ಮಾಸ್ತರು ಭಾಷಣ ಮಾಡಿ ಮೀನಿಗೆ ಸಾಯೂದ ಬಿಡಿಸಿದ್ರು” ಎಂದು ಮಾಮಾ ನಗೆಯಾಡಿದರು. ಅವರ ಬೆರಳು ಆಗ ಬಣ್ಣ ಬದಲಿಸುತ್ತಿತ್ತು. ನಾನು ಒತ್ತಾಯ ಮಾಡಿದೆ. ಇನ್ನೊಂದು ಅಮಾವಾಸ್ಯೆ ನೋಡೋಣ ಎಂದರು. ಪ್ರಯೋಗಕ್ಕೆ ಎರಡನೆಯ ಸಾಕ್ಷ್ಯ ಬೇಕೆಂಬ ವೈಜ್ಞಾನಿಕ ಹಟ ನನ್ನಲ್ಲಿಯೂ ಇತ್ತೆಂದು ಈಗ ನಾಚಿಕೆಯಿಂದ ಬರೆಯುತ್ತೇನೆ.

ಎರಡನೆಯ ಅಮಾವಾಸ್ಯೆಯ ಬೆಳಿಗ್ಗೆ ಗಿಡಗಳ ಸಂದಿಯಲ್ಲಿ ಜೀರಿಗೆ ಕಾಳಿನಷ್ಟು ಮರಿಗಳು ಓಡಾಡುತ್ತಿದ್ದವು. ನನಗೆ ಬೇಕಾದ ಗೆಲುವು ಬಂದಿತ್ತು. ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ, ಅಕ್ಕನ ಎಚ್ಚರಿಕೆಯನ್ನು ಮರೆತು, ಕ್ರಮವಾಗಿ ವಾದ ಮಂಡಿಸಿದೆ: ಎರಡು ಅಮಾವಾಸ್ಯೆ ತೊಳೆಯಲಿಲ್ಲ; ಎರಡು ಅಮಾವಾಸ್ಯೆ ಒಂದೂ ಸಾಯಲಿಲ್ಲ; ಬದಲಾಗಿ ಹುಟ್ಟಿವೆ; ಆದುದರಿಂದ ಕೊಲ್ಲುತ್ತಿದ್ದುದು ತೊಳೆತವೇ ಹೊರತು ಕಂಟಕವಲ್ಲ.

ಆಯಿಯ ಮುಖ ಬಿಳಿಚಿಕೊಂಡಿತು. ಅವರು ನನ್ನ ಕಡೆ ನೋಡಲೇ ಇಲ್ಲ. ಮಗನ ಕಾಲಿನ ಕಡೆ ನೋಡಿದರು.

“ಎರಡ ತಿಂಗಳಾತು, ಒಂದೂ ತಗೊಂಡಿಲ್ಲ ಅಂದಂಗಾತು,” ಎಂದರು. “ಇವು ತಮ್ಮ ಬಾಳೇವು ಮಾಡಾಕ ನಿಂತಾವು. ಅಂದ್ರ ಎಲ್ಲಾ ನಿನ್ನ ಮೈಮ್ಯಾಲ ಉಳದೈತಿ. ಏಳ.”

“ಅವ್ವಾ, ಇವತ್ತ ಅಮಾಸಿ...”

“ಏಳಲೇ. ದವಾಖಾನಿಗೆ ನಡಿ. ಇನ್ನ ಮೀನ ನಂಬ್ಕೊಂಡ ಕೂತ್ರ ಕಾಲ ಹೋಗತೈತಿ.”

ಅಮಾವಾಸ್ಯೆಯ ದಿನ ಆ ಮನೆಯಿಂದ ಯಾರೂ ಊರು ದಾಟಿದ್ದಿಲ್ಲ. ಅಂದು ಹದಿನೈದು ನಿಮಿಷದೊಳಗೆ ಗಾಡಿ ಬಾಗಿಲಿಗೆ ಬಂತು. ನಾನು ಮೂರು ಆಧಾರವಾಕ್ಯಗಳನ್ನೂ ಒಂದು ನಿಗಮನವನ್ನೂ ಕೈಯಲ್ಲಿ ಹಿಡಿದುಕೊಂಡು, ಯಾರಿಗೂ ಬೇಡವಾದ ಜಾತ್ರೆಯ ಆಟಿಕೆಯಂತೆ, ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತೆ. ಅವರ ಅಜ್ಞಾನ ನನ್ನ ಪ್ರಮಾಣಗಳನ್ನೆಲ್ಲ ನುಂಗಿ, ಅವುಗಳಿಂದಲೇ ಬಲಿತು, ನಾನು ಬಯಸಿದ ಜಾಗಕ್ಕೇ ನನ್ನನ್ನು ಕರೆದೊಯ್ಯುತ್ತಿತ್ತು.

ಮುಧೋಳದಲ್ಲಿ ಬೆರಳನ್ನು ತೆಗೆಯಬೇಕಾಯಿತು. ಪಾದ ಉಳಿಯಿತು. “ಇನ್ನೂ ಸ್ವಲ್ಪ ದಿನ ಬಿಟ್ಟಿದ್ರ ಪಾದಾನೂ ಹೋಗತಿತ್ರಿ. ಎರಡ ತಿಂಗಳ ಮೊದಲ ಬಂದಿದ್ರ ಬಹುಶಃ ಬೆರಳೂ ಉಳೀತಿತ್ತು,” ಎಂದು ಅಲ್ಲಿನ ವೈದ್ಯೆ, ಎಲ್ಲರೂ ಡಾಕ್ಟರ್ ಬಾಯಿ ಎನ್ನುವವರು, ಹೇಳಿದರು. ಆ ಎರಡು ತಿಂಗಳನ್ನು ನಾನು ಎಲ್ಲಿ ಕಳೆದೆನೆಂದು ನನಗೆ ಗೊತ್ತಿತ್ತು: ಗಿಡ ನೆಡುವುದರಲ್ಲಿ, ನೀರು ಪಕ್ವ ಮಾಡುವುದರಲ್ಲಿ, ಸಾಕ್ಷ್ಯ ಕೂಡಿಹಾಕುವುದರಲ್ಲಿ. ಕೈ ಹಿಡಿದು ಎಳೆದುಕೊಂಡು ಹೋಗಬೇಕಾದಲ್ಲಿ ನಾನು ಸಿದ್ಧಾಂತ ಮಾಡುತ್ತ ನಿಂತಿದ್ದೆ. ಬನಹಟ್ಟಿಯ ಆ ಮನೆಯ ಮೇಲೆ ನನಗಿರುವ ತಿರಸ್ಕಾರ ಇದರಿಂದ ಕಡಿಮೆಯಾಗಿಲ್ಲ. ಅದರಲ್ಲಿ ಪಾಲು ಪಡೆಯುವವರು ಒಬ್ಬರು ಹೆಚ್ಚಾಗಿದ್ದಾರೆ.

ಮಾಮಾನನ್ನು ಮನೆಗೆ ಬಿಡುವ ದಿನ, ತಿಂಗಳಿಗೊಮ್ಮೆ ಸಕ್ಕರೆ ತಪಾಸಣೆ ಮಾಡಿಸಿ ಕಾಲು ತೋರಿಸಿ ಹೋಗಬೇಕೆಂದು ಡಾಕ್ಟರ್ ಬಾಯಿಯವರು ಹೇಳಿದರು. ಮಾಮಾ ತಲೆಯಾಡಿಸಿದ ರೀತಿಯಲ್ಲಿಯೇ ಅವರು ಬರುವುದಿಲ್ಲವೆಂಬುದು ಸ್ಪಷ್ಟವಾಗಿತ್ತು. ವರಾಂಡದ ಬೆಂಚಿನ ಮೇಲೆ ಕುಳಿತಿದ್ದ ಆಯಿ ನನ್ನ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು.

“ತಮ್ಮಾ, ನೀ ಓದಿದಾಂವ. ಖರೆ ಹೇಳ. ಆ ಮೀನಾ ಹಿಂಗ ಸಾಯದ ಕೂತ್ರ, ಇವಗ ತಿಂಗಳ ತಿಂಗಳ ಇಲ್ಲಿ ಬರೂದ ಬೇಕ ಏನು?”

ಖರೆ ಹೇಳಲು ನನ್ನ ಬಳಿ ಹನ್ನೊಂದು ನಿಮಿಷದ ಭಾಷಣವಿತ್ತು. ಅದರ ಮೊದಲ ವಾಕ್ಯ, ಮೀನಿಗೂ ಕಾಲಿಗೂ ಸಂಬಂಧವಿಲ್ಲ ಎಂಬುದು. ಅದನ್ನು ಹೇಳಿದರೆ ಮುಂದಿನ ತಿಂಗಳು ಈ ಗಾಡಿ ಬನಹಟ್ಟಿಯಿಂದ ಹೊರಡುವುದಿಲ್ಲ.

“ಬೇಕ್ರಿ ಆಯಿ,” ಎಂದೆ. “ತೊಟ್ಟ್ಯಾಗ ಒಂದ ಮೀನ ಜೀವಂತ ಇರೂತನಕಾ ತಿಂಗಳಿಗೊಮ್ಮಿ ಬರಾಕ ಬೇಕ.”

ಒಳಗಿನಿಂದ ಕುಂಟುತ್ತ ಬಂದ ಮಾಮಾ ಇದನ್ನು ಕೇಳಿಸಿಕೊಂಡಿದ್ದರು. ಗೋಡೆ ಹಿಡಿದು ನಿಂತು ನನ್ನನ್ನೇ ನೋಡಿದರು.

“ಮಾಸ್ತರ, ಇದು ಯಾವ ಪುಸ್ತಕದಾಗ ಐತ್ರಿ?”

ನಾನು ಅವರ ತೋಳಿಗೆ ಹೆಗಲು ಕೊಟ್ಟು ಮೆಟ್ಟಿಲು ಇಳಿಸತೊಡಗಿದೆ. ಹಿಂದಿನಿಂದ ಆಯಿ, ಮುಂದಿನ ತಪಾಸಣೆಗೆ ಯಾವ ದಿನ ಬರಬೇಕೆಂದು ನರ್ಸಿನಿಂದ ಬರೆಸಿಕೊಳ್ಳುತ್ತಿದ್ದರು.